ಒಣಭೂಮಿಯ ತೋಳ: ಕುರಿ ಸಾಕುವವರು ಅರಿಯಬೇಕಾದ ಸಂಗತಿಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯಲ್ಲಿ ಕುರಿ ಸಾಕಣೆ ಬೇಸಾಯದ ಜೊತೆ ಜೊತೆಗೇ ನಡೆದುಬಂದ ಕಸುಬು. ಇಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ. ಮಾತ್ರ. ಅದೂ ನಂಬಿಕೆಯದಲ್ಲ. ಸಜ್ಜೆ, ಜೋಳ, ಕಡಲೆ ಕೈಕೊಟ್ಟ ವರ್ಷ ಮನೆಯ ಖರ್ಚನ್ನು ತೂಗಿಸುವುದು ಹಟ್ಟಿಯಲ್ಲಿರುವ ಕುರಿಗಳೇ. ಆದುದರಿಂದ ಬೆಳಗಿನ ಜಾವ ಹಟ್ಟಿಯಿಂದ ಒಂದು ಕುರಿಯನ್ನು ತೋಳ ಎಳೆದೊಯ್ದರೆ ಕುರಿಗಾಹಿಗೆ ಆಗುವ ನೋವು ಸಣ್ಣದಲ್ಲ. ಸಿಟ್ಟಿನಲ್ಲಿ ಕೆಲವರು ಉಳಿದ ಮಾಂಸಕ್ಕೆ ಕೀಟನಾಶಕ ಸವರಿ ಇಡುವುದೂ, ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನು ಕೊಲ್ಲುವುದೂ ಉಂಟು.

ಇದರಿಂದ ಕುರಿಗಳು ಉಳಿಯುತ್ತವೆಯೇ? ತೋಳದ ಜೀವನಕ್ರಮವನ್ನು ಅಭ್ಯಾಸ ಮಾಡಿದವರ ಅನುಭವ ಬೇರೆಯೇ ಇದೆ. ಶತ್ರುವೆಂದು ತಿಳಿದ ಪ್ರಾಣಿಯ ಸ್ವಭಾವವನ್ನು ಸರಿಯಾಗಿ ಅರಿತರೆ ನಷ್ಟವನ್ನು ಕಡಿಮೆ ಮಾಡಬಹುದು, ಪ್ರಾಣಿಯನ್ನೂ ಉಳಿಸಬಹುದು. ಈ ಲೇಖನದಲ್ಲಿ ತೋಳದ ಬಗೆಗೆ ಸಂಶೋಧನೆಗಳಿಂದ ತಿಳಿದುಬಂದ ವಿಷಯಗಳನ್ನೂ, ಹಟ್ಟಿಯ ರಕ್ಷಣೆಗೆ ಅನುಸರಿಸಬಹುದಾದ ಕ್ರಮಗಳನ್ನೂ ವಿವರಿಸಲಾಗಿದೆ.

ತೋಳ ಎಲ್ಲಿ ಬಾಳುತ್ತದೆ?

ಕಾಡುಪ್ರಾಣಿ ಎಂದಕೂಡಲೇ ದಟ್ಟ ಅಡವಿ ಕಣ್ಣಮುಂದೆ ಬರುತ್ತದೆ. ತೋಳ ಹಾಗಲ್ಲ. ಅದು ಬಯಲಿನ ಪ್ರಾಣಿ. ಕುರುಚಲು ಗುಡ್ಡ, ಹುಲ್ಲುಗಾವಲು, ಬೀಳು ಭೂಮಿ, ಹಳ್ಳದ ದಡ ಮತ್ತು ಹೊಲಗಳ ನಡುವೆ ಅದರ ಬದುಕು. ಹುಲಿ, ಆನೆಗಳಿರುವ ಮಲೆನಾಡಿನ ಕಾಡಿಗಿಂತ ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಬಯಲೇ ಅದಕ್ಕೆ ಒಗ್ಗಿದ ನೆಲೆ. ಇದೇ ಬಯಲಿನಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಮೊಲ, ನರಿ, ಕತ್ತೆಕಿರುಬ ಮೊದಲಾದ ಪ್ರಾಣಿಗಳೂ ಇವೆ.

ಸರ್ಕಾರದ ಕಾಗದಪತ್ರಗಳಲ್ಲಿ ಇಂಥ ನೆಲವನ್ನು ಬಹುಕಾಲ 'ಪಾಳು' ಅಥವಾ 'ನಿರುಪಯುಕ್ತ ಭೂಮಿ' ಎಂದು ಕರೆದುದರಿಂದ ಅದರ ಬೆಲೆ ಯಾರಿಗೂ ತಿಳಿಯದೆ ಹೋಯಿತು. ಕಲ್ಲಿನ ಗಣಿ, ಗಾಳಿ ವಿದ್ಯುತ್ ಕಂಬಗಳು, ಹೊಸ ರಸ್ತೆಗಳು ಈ ನೆಲದ ಮೇಲೆಯೇ ಬಂದಿವೆ. ಉಳಿದ ಕಡೆ ಬಳ್ಳಾರಿ ಜಾಲಿ ಹಬ್ಬಿ ಹುಲ್ಲನ್ನು ನುಂಗಿದೆ. ಹುಲ್ಲು ಹೋದರೆ ಕುರಿಗೆ ಮೇವಿಲ್ಲ; ಚಿಗರಿಗೂ ಮೇವಿಲ್ಲ. ಚಿಗರಿ ಹೊಲಕ್ಕೆ ನುಗ್ಗುತ್ತದೆ. ತೋಳ ಹಟ್ಟಿಗೆ ಬರುತ್ತದೆ. ರೈತನ ಕಷ್ಟಕ್ಕೂ ಕಾಡುಪ್ರಾಣಿಯ ಕಷ್ಟಕ್ಕೂ ಮೂಲ ಒಂದೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಭಾರತದಲ್ಲಿ ಉಳಿದಿರುವ ಬಯಲುಸೀಮೆಯ ತೋಳಗಳ ಸಂಖ್ಯೆ ಸುಮಾರು 3000 ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇದು ದೇಶದಲ್ಲಿರುವ ಹುಲಿಗಳ ಸಂಖ್ಯೆಗಿಂತ ಬಹಳ ದೂರವೇನಲ್ಲ. ಹುಲಿಗೆ ದೊಡ್ಡ ದೊಡ್ಡ ಅಭಯಾರಣ್ಯಗಳಿವೆ. ತೋಳದ ಬಹುಪಾಲು ಸಂಖ್ಯೆ ರೈತರ ಹೊಲಗಳ ನಡುವೆಯೇ ಇದೆ. ಇದಲ್ಲದೆ, 2021ರಲ್ಲಿ ನಡೆದ ವಂಶವಾಹಿ ಅಧ್ಯಯನದಿಂದ ಭಾರತದ ತೋಳವು ಜಗತ್ತಿನ ತೋಳಗಳಲ್ಲೇ ಬಹು ಪ್ರಾಚೀನವಾದ ಕವಲಿಗೆ ಸೇರಿದುದೆಂದು ತಿಳಿದುಬಂದಿದೆ. ಇಲ್ಲಿ ಅಳಿದರೆ ಈ ತಳಿಯನ್ನು ಬೇರೆ ದೇಶದಿಂದ ತಂದು ತುಂಬಿಕೊಳ್ಳುವಂತಿಲ್ಲ.

ಸಂಸಾರ ಮತ್ತು ಸಂತಾನ

ಬೆಳೆದ ತೋಳದ ತೂಕ ಸುಮಾರು 20 ಕಿ.ಗ್ರಾಂ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಗಂಡು, ಹೆಣ್ಣು ಮತ್ತು ಅವುಗಳ ಹಿಂದಿನ ಸೂಲಿನ ಮರಿಗಳು ಇರುತ್ತವೆ. ಅಂದರೆ ಗುಂಪು ಎಂಬುದು ಒಂದು ಕುಟುಂಬ. ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಹೆಣ್ಣು ವರ್ಷಕ್ಕೆ ಒಂದು ಸಲ ಮರಿ ಹಾಕುತ್ತದೆ. ಗರ್ಭದ ಅವಧಿ ಸುಮಾರು 63 ದಿನಗಳು. ಬಹುತೇಕ ಮರಿಗಳು ಚಳಿಗಾಲದಲ್ಲಿ ಹುಟ್ಟುತ್ತವೆ.

ಮರಿ ಹಾಕಲು ಹಳ್ಳದ ದಡದ ಮಣ್ಣಿನಲ್ಲಿ ತೋಡಿದ ಬಿಲ, ಬೇರೆ ಪ್ರಾಣಿ ಬಿಟ್ಟುಹೋದ ಬಿಲ ಅಥವಾ ಬಂಡೆಯ ಸಂದನ್ನು ಆರಿಸಿಕೊಳ್ಳುತ್ತದೆ. ಮರಿಗಳಿಗೆ ಸುಮಾರು ಎರಡು ವಾರದವರೆಗೆ ಕಣ್ಣು ಕಾಣುವುದಿಲ್ಲ. ತಾಯಿ ಬಿಲ ಬಿಟ್ಟು ಕದಲಲಾಗದ ಆ ದಿನಗಳಲ್ಲಿ ಗಂಡು ಮತ್ತು ಗುಂಪಿನ ಇತರ ತೋಳಗಳು ದೂರದಲ್ಲಿ ಬೇಟೆಯಾಡಿ, ನುಂಗಿದ ಮಾಂಸವನ್ನು ಬಿಲದ ಬಳಿ ಕಾರಿ ಉಣಿಸುತ್ತವೆ. ಹುಟ್ಟಿದ ಮರಿಗಳಲ್ಲಿ ಹಲವು ಮೊದಲ ವರ್ಷವನ್ನು ದಾಟುವುದಿಲ್ಲ. ರೋಗ, ಹಸಿವು, ನಾಯಿಗಳ ಕಾಟ, ವಾಹನ ಅಪಘಾತ ಇವೆಲ್ಲ ಅದಕ್ಕೆ ಕಾರಣ.

ಗುಂಪು ಸುತ್ತಾಡುವ ನೆಲ ಬಹು ವಿಶಾಲವಾದುದು. ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ಒಂದು ಗುಂಪಿಗೆ ನೂರು, ಇನ್ನೂರು ಚದರ ಕಿ.ಮೀ. ನೆಲ ಬೇಕಾಗುವುದು ಕಂಡುಬಂದಿದೆ. ಹೀಗಾಗಿ ಒಂದೇ ವಾರದಲ್ಲಿ ನಾಲ್ಕು ಊರುಗಳಲ್ಲಿ ತೋಳ ಕಂಡರೆ ಅಲ್ಲಿ ನಾಲ್ಕು ಗುಂಪುಗಳಿವೆ ಎಂದು ತಿಳಿಯಬೇಕಾಗಿಲ್ಲ. ಒಂದೇ ಗುಂಪು ತಿರುಗುತ್ತಿರಬಹುದು.

ಧಾಮವೊಂದೇ ಸಾಲದು

ಕರ್ನಾಟಕದಲ್ಲಿ ತೋಳದ ರಕ್ಷಣೆಯನ್ನು ಮುಖ್ಯವಾಗಿಟ್ಟುಕೊಂಡು ಮೇಲುಕೋಟೆಯ ಅಭಯಾರಣ್ಯವನ್ನು 1974ರಲ್ಲಿ ಸ್ಥಾಪಿಸಲಾಯಿತು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವಿದೆ. ಅಲ್ಲಿ ತೋಳವೊಂದು ಎಂಟು ಮರಿಗಳನ್ನು ಹಾಕಿದ ಸುದ್ದಿ 2025ರ ಮಾರ್ಚ್ ತಿಂಗಳಲ್ಲಿ ಹೊರಬಂದಿತು. ಇದು ಸಂತೋಷದ ಸಂಗತಿ.

ಆದರೆ ಒಂದು ಚಿಕ್ಕ ಲೆಕ್ಕ ಮಾಡಿ ನೋಡಬೇಕು. ಧಾಮದ ವಿಸ್ತೀರ್ಣ ಕೆಲವೇ ಚದರ ಕಿ.ಮೀ. ಒಂದು ಗುಂಪು ತಿರುಗುವ ನೆಲ 130 ಚದರ ಕಿ.ಮೀ. ಎಂದಿಟ್ಟುಕೊಂಡರೂ ಧಾಮವು ಅದರ ಒಂದು ಸಣ್ಣ ಪಾಲು ಮಾತ್ರ. ಧಾಮ ಮರಿ ಹಾಕಲು ನೆಮ್ಮದಿಯ ಜಾಗ ಕೊಡಬಲ್ಲದು, ಹೊಟ್ಟೆ ತುಂಬಿಸಲಾರದು. ಉಳಿದ ಬಹುಪಾಲು ರೈತರ ಹೊಲ, ಊರಿನ ಗೋಮಾಳ ಮತ್ತು ಗುಡ್ಡಗಳಲ್ಲಿದೆ. ಕರಡಿಗೆ 1994ರಲ್ಲಿ ನೆರೆಯ ದರೋಜಿಯಲ್ಲಿ ಧಾಮವಾಯಿತು. ನೀರುನಾಯಿಗೆ 2015ರಲ್ಲಿ ತುಂಗಭದ್ರಾ ನದಿಯ ಸುಮಾರು 34 ಕಿ.ಮೀ. ಉದ್ದದ ಹರಿವನ್ನು ಮೀಸಲಿಡಲಾಯಿತು. ಬಂಡೆಗೂ ಹೊಳೆಗೂ ಗಡಿ ಗುರುತಿಸಬಹುದು. ತೋಳಕ್ಕೆ ಹಾಗೆ ಗಡಿ ಹಾಕಲು ಬರುವುದಿಲ್ಲ. ಆದುದರಿಂದ ಈ ಪ್ರಾಣಿ ಉಳಿಯುವುದೂ ಅಳಿಯುವುದೂ ಕುರಿಗಾಹಿಯ ಕೈಯಲ್ಲಿಯೇ ಇದೆ.

ತೋಳ ಏನನ್ನು ತಿನ್ನುತ್ತದೆ?

ತೋಳದ ಆಹಾರವನ್ನು ತಿಳಿಯಲು ವಿಜ್ಞಾನಿಗಳು ಅದರ ಮಲವನ್ನು ಸಂಗ್ರಹಿಸಿ, ತೊಳೆದು, ಒಣಗಿಸಿ, ಅದರಲ್ಲಿ ಉಳಿದ ಕೂದಲು ಮತ್ತು ಎಲುಬಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಒಂದೊಂದು ಪ್ರಾಣಿಯ ಕೂದಲಿನ ರಚನೆ ಒಂದೊಂದು ಬಗೆ. ಹೀಗೆ ನಡೆದ ಅಧ್ಯಯನಗಳಿಂದ ಗುಜರಾತಿನ ವೇಳಾವದರ್‌ನಂತೆ ಚಿಗರಿ ಹೇರಳವಾಗಿರುವ ಕಡೆ ಅದೇ ತೋಳದ ಮುಖ್ಯ ಆಹಾರವೆಂದು ತಿಳಿದಿದೆ. ಕಾಡುಬೇಟೆ ಕಡಿಮೆಯಾದ ಕಡೆ ಕುರಿ, ಮೇಕೆ ಮತ್ತು ಸತ್ತ ದನಗಳ ಮೇಲೆ ಅವಲಂಬಿಸುತ್ತದೆ. ಇದಲ್ಲದೆ ಮೊಲ, ಇಲಿ, ಹೆಗ್ಗಣಗಳನ್ನೂ ತಿನ್ನುತ್ತದೆ. ಬಿತ್ತನೆಯ ಕಾಲದಲ್ಲಿ ಎಳೆಯ ಪೈರನ್ನು ಚಿಗರಿ ಮೇಯುವ ಕಷ್ಟ ಯಲಬುರ್ಗಾ ಭಾಗದ ರೈತರಿಗೆ ಚೆನ್ನಾಗಿ ಗೊತ್ತು. ಚಿಗರಿಯನ್ನು ಬೇಟೆಯಾಡುವ ಪ್ರಾಣಿ ಈ ಬಯಲಿನಲ್ಲಿ ಮುಖ್ಯವಾಗಿ ತೋಳವೇ. ತೋಳವಿದ್ದ ಮಾತ್ರಕ್ಕೆ ಬೆಳೆಹಾನಿ ನಿಂತುಹೋಗುತ್ತದೆ ಎಂದು ಹೇಳಲಾಗದು. ತೋಳವೂ ಇಲ್ಲವಾದರೆ ಚಿಗರಿಯ ಮೇಲೆ ನಿಸರ್ಗದ ಹತೋಟಿ ಇರುವುದಿಲ್ಲ ಎಂಬುದಂತೂ ನಿಜ.

ಕೊಂದದ್ದು ತೋಳವೋ ನಾಯಿಯೋ?

ಕುರಿ ಸತ್ತಾಗ ತಪ್ಪೆಲ್ಲ ತೋಳದ ಮೇಲೆ ಬೀಳುತ್ತದೆ. ಬೀದಿನಾಯಿಗಳ ಗುಂಪೂ ಕುರಿಗಳನ್ನು ಕೊಲ್ಲುತ್ತದೆ. ಇವೆರಡನ್ನೂ ಗುರುತಿಸಲು ಕೆಳಗಿನ ಅಂಶಗಳನ್ನು ನೋಡಬೇಕು.

1. ಕಡಿತ: ತೋಳ ಸಾಮಾನ್ಯವಾಗಿ ಕುರಿಯ ಕುತ್ತಿಗೆ ಅಥವಾ ಗಂಟಲನ್ನು ಹಿಡಿಯುತ್ತದೆ, ಗಾಯಗಳು ಕಡಿಮೆ. ನಾಯಿಗಳು ಹಿಂಗಾಲು, ಕಿವಿ, ಹೊಟ್ಟೆ ಹೀಗೆ ಸಿಕ್ಕಲ್ಲಿ ಕಚ್ಚುತ್ತವೆ.

2. ಸತ್ತ ಕುರಿಗಳ ಸಂಖ್ಯೆ: ತೋಳ ಬಹಳ ಸಲ ಒಂದನ್ನು ಹಿಡಿದು ದೂರಕ್ಕೆ ಒಯ್ದು ತಿನ್ನುತ್ತದೆ. ಹಲವು ಕುರಿಗಳು ಗಾಯಗೊಂಡು, ಯಾವುದನ್ನೂ ತಿನ್ನದೆ ಬಿಟ್ಟಿದ್ದರೆ ನಾಯಿಗಳ ಕೆಲಸವಿರಬಹುದು. ಆದರೆ ಮುಚ್ಚಿದ ಹಟ್ಟಿಯೊಳಗೆ ಹೊಕ್ಕ ತೋಳವೂ ಗಾಬರಿಯಿಂದ ಓಡಾಡುವ ಹಲವು ಕುರಿಗಳನ್ನು ಕೊಲ್ಲುವುದುಂಟು. ಆದ್ದರಿಂದ ಈ ಒಂದೇ ಗುರುತನ್ನು ನಂಬಬಾರದು.

3. ಹೆಜ್ಜೆ: ತೋಳದ ಹೆಜ್ಜೆ ಉದ್ದವಾಗಿರುತ್ತದೆ, ನಡುವಿನ ಎರಡು ಬೆರಳುಗಳು ಮುಂದೆ ಚಾಚಿರುತ್ತವೆ. ನಾಯಿಯ ಹೆಜ್ಜೆ ಸಾಮಾನ್ಯವಾಗಿ ದುಂಡಗೆ, ಬೆರಳುಗಳು ಅಗಲಿಸಿದಂತೆ ಇರುತ್ತವೆ. ತೋಳ ನೂಲು ಹಿಡಿದಂತೆ ನೇರವಾಗಿ ಸಾಗುತ್ತದೆ. ನಾಯಿ ಅತ್ತಿತ್ತ ಮೂಸುತ್ತ ಅಡ್ಡಾಡುತ್ತದೆ.

4. ಮಲ: ತೋಳದ ಮಲದಲ್ಲಿ ಕೂದಲು ಮತ್ತು ಎಲುಬಿನ ಚೂರು ತುಂಬಿರುತ್ತವೆ. ದಾರಿ ಕೂಡುವ ಕಡೆ, ಕಲ್ಲಿನ ಮೇಲೆ ಕಾಣಸಿಗುವುದು ಹೆಚ್ಚು.

ಹಟ್ಟಿಯ ರಕ್ಷಣೆಗೆ ಕ್ರಮಗಳು

ತೋಳ ಬಲಶಾಲಿಯನ್ನು ಆರಿಸುವುದಿಲ್ಲ, ಸುಲಭವಾದುದನ್ನು ಆರಿಸುತ್ತದೆ. ಹಿಂಡಿನಿಂದ ಹಿಂದುಳಿದ ಕುಂಟು ಕುರಿ, ಈಯುತ್ತಿರುವ ಕುರಿ, ಕಾವಲಿಲ್ಲದ ಮರಿಗಳು ಮೊದಲು ಬಲಿಯಾಗುತ್ತವೆ. ಸಂಜೆಗತ್ತಲು ಮತ್ತು ಬೆಳಗಿನ ಜಾವ ಅಪಾಯದ ಸಮಯ. ಸುಲಭವಾದುದನ್ನು ಕಷ್ಟವಾಗಿಸುವುದೇ ರಕ್ಷಣೆಯ ಗುಟ್ಟು. ಅದಕ್ಕಾಗಿ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

ಬೇಲಿ: ಕುರಿಗಾಹಿಗಳು ಕಟ್ಟುವ ನೈಲಾನ್ ಬಲೆ ಕುರಿ ಹೊರಗೆ ಹೋಗದಂತೆ ತಡೆಯುತ್ತದೆ, ತೋಳ ಒಳಗೆ ಬಾರದಂತೆ ತಡೆಯಲು ಅದೊಂದೇ ಸಾಲದು. ಬಲೆಯ ಹೊರಗೆ 5ರಿಂದ 6 ಅಡಿ ಎತ್ತರಕ್ಕೆ ಬಳ್ಳಾರಿ ಜಾಲಿಯ ಮುಳ್ಳು ಒಟ್ಟಬೇಕು. ಬುಡದಲ್ಲಿ ಸಂದು ಉಳಿಯದಂತೆ ಕಲ್ಲು ಇಡಬೇಕು. ಇದರಿಂದ ಗೋಮಾಳದಲ್ಲಿ ಹಬ್ಬಿದ ಜಾಲಿಯನ್ನು ಕಡಿದಂತೆಯೂ ಆಯಿತು.

ಮರಿಗಳು: ಹಗಲು ಹಿಂಡು ಮೇಯಲು ಹೋದಾಗ ಎಳೆಯ ಮರಿಗಳು ಬಿಡಾರದಲ್ಲಿ ಉಳಿಯುತ್ತವೆ. ಅವುಗಳಿಗೆ ಮೇಲ್ಭಾಗವೂ ಮುಚ್ಚಿದ ಗೂಡು ಬೇಕು. ಒಬ್ಬರಾದರೂ ಅಲ್ಲಿ ಇರಬೇಕು. ಕುರಿ ಈದ ಮೇಲೆ ಬೀಳುವ ಮಾಸನ್ನು ಆಳವಾಗಿ ಹೂಳಬೇಕು. ಅದರ ವಾಸನೆ ತೋಳ, ನಾಯಿಗಳನ್ನು ಕರೆಯುತ್ತದೆ.

ಎಣಿಕೆ: ಸಂಜೆ ಹಟ್ಟಿ ತುಂಬುವಾಗ ಕತ್ತಲಾಗುವ ಮೊದಲೇ ಕುರಿಗಳನ್ನು ಎಣಿಸಬೇಕು. ಹಿಂದುಳಿದ ಕುರಿ ಸಿಕ್ಕಿದರೆ ಉಳಿಯಿತು. ಬೆಳಗ್ಗೆ ಹುಡುಕಿದರೆ ಎಲುಬು ಸಿಗಬಹುದು. ಕುಂಟುವ ಕುರಿಯ ಗೊರಸಿಗೆ ಕೂಡಲೇ ಚಿಕಿತ್ಸೆ ಮಾಡಿಸಬೇಕು.

ನಾಯಿ: ಹಿಂಡಿಗೆ ಎರಡು, ಮೂರು ಒಳ್ಳೆಯ ಕಾವಲು ನಾಯಿಗಳಿರಲಿ. ಅವುಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಹಾಕಿದರೆ ತೋಳದ ಹಿಡಿತದಿಂದ ತಪ್ಪಿಸಿಕೊಳ್ಳುತ್ತವೆ. ಪ್ರತಿ ವರ್ಷ ಹುಚ್ಚುನಾಯಿ ರೋಗದ ವಿರುದ್ಧ ಲಸಿಕೆ ಹಾಕಿಸಬೇಕು.

ಬೆಳಕು: ಬೆಂಕಿ, ಬ್ಯಾಟರಿ, ಸೌರ ದೀಪಗಳು ಉಪಯುಕ್ತ. ಆದರೆ ಒಂದೇ ಕಡೆ ಒಂದೇ ಬಗೆಯಾಗಿ ಉರಿಯುವ ದೀಪಕ್ಕೆ ತೋಳ ಬೇಗ ಹೊಂದಿಕೊಳ್ಳುತ್ತದೆ. ದೀಪದ ಜಾಗವನ್ನು ಆಗಾಗ ಬದಲಿಸಬೇಕು. ಸರದಿಯ ಮೇಲೆ ಒಬ್ಬರು ಎಚ್ಚರವಿರುವುದಕ್ಕೆ ಸಮನಾದ ಉಪಾಯ ಬೇರಿಲ್ಲ.

ಭತ್ತದ ಕೊಯ್ಲಿನ ನಂತರ ಗಂಗಾವತಿ ಭಾಗದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಿಕೊಳ್ಳುವ ರೈತರೂ ಇದರಲ್ಲಿ ಪಾಲು ವಹಿಸಬಹುದು. ಬೇಲಿಗೆ ಮುಳ್ಳು, ದೀಪಕ್ಕೆ ವಿದ್ಯುತ್ ಕೊಟ್ಟರೆ ಕುರಿಗಾಹಿಗೆ ದೊಡ್ಡ ನೆರವಾಗುತ್ತದೆ.

ವಿಷ ಏಕೆ ಬೇಡ?

ಸತ್ತ ಕುರಿಗೆ ಸವರಿದ ವಿಷ ತೋಳವನ್ನೇ ಹುಡುಕಿ ಕೊಲ್ಲುವುದಿಲ್ಲ. ಮೊದಲು ಸಾಯುವುದು ಹೆಚ್ಚಾಗಿ ಸ್ವಂತ ಕಾವಲು ನಾಯಿ. ಆಮೇಲೆ ನರಿ, ಕತ್ತೆಕಿರುಬ, ಹದ್ದುಗಳು. ಕಾವಲು ನಾಯಿ ಸತ್ತ ಹಟ್ಟಿ ತೋಳಕ್ಕೆ ಇನ್ನೂ ಸುಲಭ. ಗುಂಪಿನ ಹಿರಿಯ ತೋಳಗಳು ಸತ್ತರೆ ಉಳಿದ ಎಳೆಯ ತೋಳಗಳಿಗೆ ಚಿಗರಿಯಂಥ ಓಟದ ಪ್ರಾಣಿಯನ್ನು ಹಿಡಿಯುವ ಅನುಭವ ಇರುವುದಿಲ್ಲ. ಅವು ಕುರಿಯ ಕಡೆಗೇ ತಿರುಗುವ ಸಂಭವವಿದೆ. ಖಾಲಿಯಾದ ನೆಲಕ್ಕೆ ಕಾಲಾಂತರದಲ್ಲಿ ಬೇರೆ ತೋಳಗಳು ಬರುತ್ತವೆ, ಇಲ್ಲವೇ ಬೀದಿನಾಯಿಗಳು ತುಂಬಿಕೊಳ್ಳುತ್ತವೆ. ನಾಯಿಗಳಿಂದ ತೋಳಕ್ಕೆ ರೋಗ ಹರಡುವುದಲ್ಲದೆ, ಎರಡೂ ಕೂಡಿ ಮಿಶ್ರ ಸಂತತಿ ಹುಟ್ಟುವ ಅಪಾಯವೂ ಇದೆ. ಪುಣೆಯ ಬಳಿ ಇಂಥ ಮಿಶ್ರ ಪ್ರಾಣಿ ಇರುವುದು ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿ 2023ರಲ್ಲಿ ವರದಿಯಾಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ತೋಳ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಒಂದು ಕುರಿಯ ನಷ್ಟಕ್ಕೆ ಮನೆಯ ದುಡಿಯುವ ಮನುಷ್ಯ ಜೈಲು ಸೇರುವಂತಾಗಬಾರದು.

ಬಿಲ ಕಂಡರೆ ಹತ್ತಿರ ಹೋಗಬಾರದು. ಹೊಗೆ ಹಾಕುವುದು, ಬಾಯಿ ಮುಚ್ಚುವುದು, ಮರಿಗಳನ್ನು ಎತ್ತಿ ತರುವುದು ಸಲ್ಲದು. ಹಿಂಡನ್ನು ಸ್ವಲ್ಪ ದೂರದಲ್ಲಿ ಮೇಯಿಸಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಮರಿಗಳು ಕೆಲವು ವಾರಗಳಲ್ಲಿ ಆ ಜಾಗ ಬಿಟ್ಟು ಹೋಗುತ್ತವೆ.

ಮನುಷ್ಯರಿಗೆ ಅಪಾಯವಿದೆಯೇ?

ಆರೋಗ್ಯವಾದ ತೋಳ ಸಾಮಾನ್ಯವಾಗಿ ಮನುಷ್ಯನನ್ನು ಕಂಡು ದೂರ ಸರಿಯುತ್ತದೆ. ಆದರೆ ಮಕ್ಕಳ ಮೇಲೆ ದಾಳಿ ನಡೆದ ಉದಾಹರಣೆಗಳು ದೇಶದಲ್ಲಿ ಇಲ್ಲದಿಲ್ಲ. 1996ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿಯೂ, 2024ರಲ್ಲಿ ಅದೇ ರಾಜ್ಯದ ಬಹರೈಚ್ ಜಿಲ್ಲೆಯಲ್ಲಿಯೂ ಇಂಥ ದುರಂತಗಳು ವರದಿಯಾದವು. ಆದ್ದರಿಂದ ಬಿಡಾರದಲ್ಲಿ ಚಿಕ್ಕ ಮಕ್ಕಳನ್ನು ಅಂಚಿನಲ್ಲಿ ಮಲಗಿಸದೆ ದೊಡ್ಡವರ ನಡುವೆ ಮಲಗಿಸುವುದು ಜಾಣತನ.

ಹಗಲಿನಲ್ಲಿ ಭಯವಿಲ್ಲದೆ ಊರೊಳಗೆ ನುಗ್ಗಿ ಕಂಡಕಂಡವರನ್ನು ಕಚ್ಚುವ ತೋಳಕ್ಕೆ ಹುಚ್ಚು ಹಿಡಿದಿರುವ ಸಂಭವ ಹೆಚ್ಚು. ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರ, ಸೊಪ್ಪಿನ ರಸ ಹಚ್ಚಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದಿನ ಎಲ್ಲ ಸರದಿಗಳನ್ನೂ ಪೂರ್ತಿ ಮಾಡಿಸಬೇಕು. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇರುವುದಿಲ್ಲ.

ಪರಿಹಾರ ಮತ್ತು ದಾಖಲೆ

ಕಾಡುಪ್ರಾಣಿಯಿಂದ ಜಾನುವಾರು ಸತ್ತರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಬಹುದು. ಸತ್ತ ಕುರಿಯನ್ನು ಅಲ್ಲಿಂದ ಕದಲಿಸದೆ, ಗಾಯ ಮತ್ತು ಹೆಜ್ಜೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಅದೇ ದಿನ ವಲಯ ಅರಣ್ಯ ಕಚೇರಿಗೆ ಅಥವಾ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬೇಕು. ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಹೆಜ್ಜೆಯ ಮೇಲೆ ಬುಟ್ಟಿ ಕವುಚಿಟ್ಟರೆ ಅಧಿಕಾರಿ ಬರುವವರೆಗೆ ಅಳಿಸಿಹೋಗುವುದಿಲ್ಲ.

ಊರೂರು ಅಲೆಯುವ ಕುರಿಗಾಹಿಗೆ ಕಚೇರಿ ಸುತ್ತುವುದು ಸುಲಭವಲ್ಲ. ಇಲ್ಲಿ ವಿಸ್ತರಣಾ ಕಾರ್ಯಕರ್ತರ ಪಾತ್ರ ದೊಡ್ಡದು. ಅರ್ಜಿ ಬರೆದುಕೊಟ್ಟು, ಇಲಾಖೆಗಳ ನಡುವೆ ಸಂಪರ್ಕ ಕಲ್ಪಿಸಿದರೆ ಒಂದು ತೋಳವನ್ನು ವಿಷದಿಂದ ಉಳಿಸಿದಂತಾಗುತ್ತದೆ.

ಇದರೊಂದಿಗೆ ಪ್ರತಿ ಹಿಂಡಿಗೂ ಒಂದು ಸಣ್ಣ ಪುಸ್ತಕ ಇಡಿಸುವುದು ಒಳ್ಳೆಯದು. ಅದರಲ್ಲಿ ಸತ್ತ ದಿನ, ಹೊತ್ತು, ಜಾಗ, ಕುರಿಯೋ ಮರಿಯೋ, ಸಾವಿನ ಕಾರಣ, ಬೇಲಿಯ ಬಗೆ, ನಾಯಿ ಇತ್ತೋ ಇಲ್ಲವೋ ಎಂಬ ವಿವರಗಳನ್ನು ಬರೆಯಬೇಕು. ಪಿ.ಪಿ.ಆರ್., ಕರುಳು ನಂಜು, ನೀಲಿ ನಾಲಿಗೆ ಮುಂತಾದ ರೋಗಗಳಿಂದ ಸತ್ತವನ್ನೂ ಬರೆಯಬೇಕು. ವರ್ಷದ ಕೊನೆಗೆ ಕೂಡಿಸಿ ನೋಡಿದಾಗ ಹಿಂಡಿಗೆ ಹೆಚ್ಚು ನಷ್ಟ ಮಾಡಿದ್ದು ತೋಳವೋ, ರೋಗವೋ, ನಾಯಿಯೋ ಎಂಬುದು ಸ್ಪಷ್ಟವಾಗುತ್ತದೆ. ತೋಳದ ಹಾನಿ ಕಣ್ಣಿಗೆ ಬೀಳುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ರೋಗದ ಹಾನಿ ಸದ್ದಿಲ್ಲದೆ ನಡೆಯುತ್ತದೆ. ಲಸಿಕೆಯಿಂದ ತಪ್ಪಿಸಬಹುದಾದ ಸಾವುಗಳನ್ನು ತಪ್ಪಿಸಿಕೊಂಡ ಹಿಂಡಿಗೆ ತೋಳದಿಂದ ಆಗುವ ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಇರುತ್ತದೆ. ರೋಗದಿಂದ ಸತ್ತ ಕುರಿಯನ್ನು ಬಯಲಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಊರಂಚಿಗೆ ಎಸೆದ ಹೆಣದ ಮೇಲೆ ಬೆಳೆದ ನಾಯಿಗಳೇ ನಾಳೆ ಹಟ್ಟಿಗೆ ನುಗ್ಗುತ್ತವೆ.

ಉಪಸಂಹಾರ

ಕುರಿಗಾಹಿಯೂ ತೋಳವೂ ಈ ಬಯಲಿನ ಹಳೆಯ ನೆರೆಹೊರೆ. ಇಬ್ಬರಿಗೂ ಬೇಕಾದುದು ಹುಲ್ಲಿರುವ ತೆರೆದ ನೆಲ. ಗೋಮಾಳ ಉಳಿದರೆ ಕೆಂಗುರಿಗೆ ಮೇವು, ಚಿಗರಿಗೆ ಮೇವು, ತೋಳಕ್ಕೆ ಬೇಟೆ. ಆದುದರಿಂದ ರೈತ ಬಾಂಧವರು ಗ್ರಾಮ ಪಂಚಾಯಿತಿಯ ಮೂಲಕ ಊರಿನ ಗೋಮಾಳವನ್ನು ಗುರುತಿಸಿ ಒತ್ತುವರಿಯಾಗದಂತೆ ಕಾಯುವುದು, ಬಳ್ಳಾರಿ ಜಾಲಿಯನ್ನು ತೆಗೆದು ಸ್ಥಳೀಯ ಹುಲ್ಲನ್ನು ಬೆಳೆಯಗೊಡುವುದು, ಹಟ್ಟಿಯ ಬೇಲಿಯನ್ನು ಭದ್ರಪಡಿಸುವುದು, ವಿಷವನ್ನು ದೂರವಿಡುವುದು ಈ ನಾಲ್ಕನ್ನು ಮೊದಲು ಕೈಗೊಳ್ಳಬೇಕು. ಕುರಿಗಳ ಆರೋಗ್ಯ ಮತ್ತು ಲಸಿಕೆಗಳ ಬಗೆಗೆ ಹತ್ತಿರದ ಪಶು ಆಸ್ಪತ್ರೆಯನ್ನೂ, ಮೇವಿನ ಬೆಳೆಗಳ ಬಗೆಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ಸಂಪರ್ಕಿಸಬಹುದು. ಚಳಿಗಾಲ ಮರಿಗಳು ಹುಟ್ಟುವ ಕಾಲ. ಅದಕ್ಕೆ ಮೊದಲೇ ಬೇಲಿಯ ಕೆಲಸ ಮುಗಿಸಿಕೊಂಡರೆ ಹಟ್ಟಿಯ ಮರಿಗಳೂ ಉಳಿದಾವು, ಬಿಲದ ಮರಿಗಳೂ ಉಳಿದಾವು.